ಫೈಲ್ ಇದೆ, ಆದರೆ ಓಡುತ್ತಿಲ್ಲ

ರಾತ್ರಿ ಹತ್ತೂವರೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು. ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಜಗಲಿಯಲ್ಲಿ ಮಾತ್ರ, ಹಾಗಾಗಿ ನೀವು ಸೊಳ್ಳೆ ಹೊಡೆಯುತ್ತ ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದೀರಿ. ವಿಮಾನವೊಂದು ತಲೆ ಮೇಲೆ ಹಾದು ಹೋದಾಗ ಫೋನಿನಲ್ಲಿರುವ ಹುಡುಗನ ಮಾತು ಕೇಳಿಸುವುದಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳಪ್ಪ."

"ಡಿಸ್ಕ್ ನೋಡೋ ಸ್ಕ್ರಿಪ್ಟ್ ಡೌನ್‌ಲೋಡ್ ಮಾಡಿ ಹಾಕ್ದೆ ಸಾರ್. ನಾಗಿಯೋಸ್‌ನಲ್ಲಿ ಕೆಂಪಗೆ ಬರ್ತಿದೆ. ರಿಟರ್ನ್ ಕೋಡ್ 126 ಅಂತೆ."

ಸರ್ವರುಗಳ ಮೇಲೆ ಕಣ್ಣಿಡುವ ನಾಗಿಯೋಸ್‌ಗೆ ಅರ್ಥವಾಗುವುದು ನಾಲ್ಕೇ ಸಂಖ್ಯೆ: 0 ಸರಿ, 1 ಎಚ್ಚರಿಕೆ, 2 ಗಂಭೀರ, 3 ಗೊತ್ತಿಲ್ಲ. 126 ಶೆಲ್‌ನ ಮಾತು: ಫೈಲ್ ಇದೆ, ಓಡಿಸಲು ಅನುಮತಿಯಿಲ್ಲ. ಡೌನ್‌ಲೋಡ್ ಆದ ಫೈಲಿಗೆ ಆ ಅನುಮತಿ ತಾನಾಗಿ ಬರುವುದಿಲ್ಲ. ಅದನ್ನು ಕೊಡುವ ಸಿಎಚ್‌ಮಾಡ್ ಹೊಡೆಸುತ್ತೀರಿ. ಈಗ 127.

"ಫೈಲೇ ಇಲ್ಲ ಅಂತಿದೆ ಸಾರ್. ಇಲ್ಲೇ ಕಣ್ಮುಂದೆ ಇದೆಯಲ್ಲ!"

"ವಿಂಡೋಸ್‌ನಲ್ಲಿ ತೆಗೆದು ಏನಾದ್ರೂ ತಿದ್ದಿದ್ಯಾ? ಕ್ಯಾಟ್ ಮೈನಸ್ ಕ್ಯಾಪಿಟಲ್ ಎ ಹೊಡಿ."

ಸ್ಕ್ರಿಪ್ಟನ್ನು ಓಡಿಸಬೇಕಾದ ಪೈಥಾನ್‌ನ ಹೆಸರಿರುವ ಮೊದಲ ಸಾಲಿನ ಕೊನೆಗೆ ಸಿಕ್ಕಿಬೀಳುತ್ತದೆ, ಒಂದು ಟೋಪಿ ಚಿಹ್ನೆ, ಪಕ್ಕದಲ್ಲಿ 'ಎಂ'. ವಿಂಡೋಸ್ ಪ್ರತಿ ಸಾಲಿನ ತುದಿಗೂ ಅಂಟಿಸುವ ಅಕ್ಷರ ಅದು, ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಲಿನಕ್ಸ್ ಪೈಥಾನ್ ಹುಡುಕುತ್ತಿಲ್ಲ, ಈ ಬಾಲ ಅಂಟಿಕೊಂಡ 'ಪೈಥಾನ್'ಅನ್ನು ಹುಡುಕುತ್ತಿದೆ. ಎಲ್ಲಿಂದ ಸಿಗಬೇಕು? ಡಾಸ್‌ಟುಯೂನಿಕ್ಸ್ ಬಾಲ ಕತ್ತರಿಸುತ್ತದೆ.

"ಓಡ್ತು ಸಾರ್! ಓಕೆ ಬಂತು!"

ಐದು ನಿಮಿಷಕ್ಕೆ ಮತ್ತೆ ಫೋನು. ನಾಗಿಯೋಸ್‌ನಲ್ಲಿ ಹಳದಿ, ಎಚ್ಚರಿಕೆ. ಡಿಸ್ಕ್ ಅರ್ಧವೂ ತುಂಬಿಲ್ಲ.

"ಆಗ ಯಾರಾಗಿ ಓಡಿಸಿದ್ದು? ರೂಟಾ?"

"ಹೂಂ ಸಾರ್."

ನಾಗಿಯೋಸ್ ಓಡುವುದು ತನ್ನದೇ ಹೆಸರಿನ ಬಡ ಬಳಕೆದಾರನಾಗಿ. ಅವನಾಗಿಯೇ ಓಡಿಸಲು ಸುಡೊ ಮೈನಸ್ ಯು ನಾಗಿಯೋಸ್ ಎಂದು ಹೇಳಿ ಕಾಯುತ್ತೀರಿ. ಆ ಕಡೆಯಿಂದ ಹುಡುಗ ಒಂದೊಂದೇ ಪದ ಓದುತ್ತಾನೆ: ಪರ್ಮಿಷನ್ ಡಿನೈಡ್, ಟೆಂಪ್ ಫೋಲ್ಡರಿನ ಒಂದು ಫೈಲು. ರೂಟ್ ಆಗಿ ಓಡಿದಾಗ ಸ್ಕ್ರಿಪ್ಟು ಅಲ್ಲೊಂದು ಫೈಲ್ ಬರೆದು, ರೂಟ್ ಹೆಸರಿಗೇ ಮಾಡಿಟ್ಟು ಹೋಗಿದೆ. ಈಗ ನಾಗಿಯೋಸ್‌ಗೆ ಅದನ್ನು ಮುಟ್ಟುವ ಹಕ್ಕಿಲ್ಲ.

ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಕೆಟ್ಟದ್ದು. 126, 127 ಕೆಂಪಗೆ ಕೂಗಿಕೊಳ್ಳುತ್ತವೆ. ಪೈಥಾನ್ ಮಾತ್ರ ಎಡವಿ ಬಿದ್ದಾಗ 1 ಎಂದು ಹೇಳಿ ಹೊರಬೀಳುತ್ತದೆ. ನಾಗಿಯೋಸ್ ಲೆಕ್ಕದಲ್ಲಿ ಅದು ಡಿಸ್ಕಿನ ಎಚ್ಚರಿಕೆ. ಸ್ಕ್ರಿಪ್ಟ್ ಸತ್ತಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಫೈಲ್ ಅಳಿಸುತ್ತಾನೆ. ಮುಂದಿನ ಸುತ್ತಿಗೆ ಹಸಿರು. "ಸರಿ ಸಾರ್, ಮಲಕ್ಕೊಳ್ಳಿ."

ನಿಮ್ಮ ಸರ್ವರಿನಲ್ಲೂ ಹಳದಿ ಸಾಲೊಂದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ, ಅದು ಡಿಸ್ಕಿನ ದೂರೋ ಪೈಥಾನಿನ ಗೋಳೋ, ನಾಳೆ ಒಮ್ಮೆ ನೋಡಿಬಿಡಿ.