ಎಲ್ಲರ ಮತ ಕಾದ ಮಾಯಾ ಜನ

ಗ್ವಾಟೆಮಾಲಾದ 36 ವರ್ಷಗಳ ಅಂತರ್ಯುದ್ಧದಲ್ಲಿ ಸತ್ಯಶೋಧನಾ ಆಯೋಗ ಗುರುತಿಸಿದ ಬಲಿಪಶುಗಳ ಪೈಕಿ ಶೇ. 83ರಷ್ಟು ಮಂದಿ ಮಾಯಾ ಜನ. 1996ರಲ್ಲಿ ಶಾಂತಿ ಒಪ್ಪಂದವಾಯಿತು. ಗ್ವಾಟೆಮಾಲಾ ಬಹುಸಂಸ್ಕೃತಿಯ, ಬಹುಭಾಷೆಗಳ ದೇಶವೆಂದು ಸಂವಿಧಾನದಲ್ಲಿ ಬರೆಯಲು 1999ರಲ್ಲಿ ಜನಮತ ಕೇಳಿದಾಗ, ಮತ ಹಾಕಿದವರು ಐವರಲ್ಲಿ ಒಬ್ಬರೂ ಇಲ್ಲ. ಹಾಕಿದವರಲ್ಲಿ ಹೆಚ್ಚಿನವರು ಬೇಡವೆಂದರು. 22 ಮಾಯಾ ಭಾಷೆಗಳ ನಾಡಿನಲ್ಲಿ ಸಂವಿಧಾನ ಒಪ್ಪಿದ ಅಧಿಕೃತ ಭಾಷೆ ಇಂದಿಗೂ ಸ್ಪ್ಯಾನಿಷ್ ಒಂದೇ.

ಇಷ್ಟಾದ ಮೇಲೂ 2023ರಲ್ಲಿ ಏನಾಯಿತು ನೋಡಿ. ಅಧ್ಯಕ್ಷ ಚುನಾವಣೆ ಗೆದ್ದ ಬೆರ್ನಾರ್ಡೊ ಅರೆವಾಲೊ ಅಧಿಕಾರಕ್ಕೇರದಂತೆ ಪ್ರಾಸಿಕ್ಯೂಷನ್ ಇಲಾಖೆ ಅಡ್ಡಗಾಲು ಹಾಕಿತು. ಆಗ ಟೊಟೊನಿಕಪಾನ್‌ನ ಕಿಚೆ ಮಾಯಾ ಮುಖಂಡರು, ಊರವರು ತಮಗೊಪ್ಪಿಸಿದ ಅಧಿಕಾರದ ಕೋಲು ಹಿಡಿದು ರಾಜಧಾನಿಗೆ ಬಂದರು. ಬೇರೆ ಮೂಲನಿವಾಸಿ ಸಮುದಾಯಗಳೂ ಜೊತೆಗೂಡಿದವು. ನೂರಕ್ಕೂ ಹೆಚ್ಚು ದಿನ ಪ್ರಾಸಿಕ್ಯೂಷನ್ ಇಲಾಖೆಯ ಕಚೇರಿಯ ಮುಂದೆಯೇ ಧರಣಿ ನಡೆಯಿತು. ಅವರು ಕೇಳಿದ್ದು ದೇಶದ ಪ್ರತಿ ಮತದಾರನ ತೀರ್ಪಿಗೆ ಬೆಲೆ ಕೊಡಿ ಎಂದು.

ಜನಾಂಗದ ಗುರುತು ಗಟ್ಟಿಯಾದರೆ ದೇಶ ಒಡೆಯುತ್ತದೆ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಶತಮಾನಗಳಿಂದ ಉಳಿಸಿಕೊಂಡ ಊರಸಭೆ, ಸರದಿ ಸೇವೆಯ ಶಿಸ್ತೇ ಅವರನ್ನು ಅಲ್ಲಿ ನಿಲ್ಲಿಸಿತು. ದೇಶ ಉಳಿಸಿದವರ ಹೆಸರು, ಭಾಷೆ ಸಂವಿಧಾನದಲ್ಲಿ ಸಮನಾಗಿ ಬರಲೇಬೇಕು.