ಕಜಕರ ನಾಡಿನಲ್ಲಿ ಎಂಟು ದಿನ

ಅಲ್ಮಾಟಿಗೆ ಹೊರಟಿದ್ದೇನೆಂದು ಹೇಳಿದಾಗ ನಮ್ಮ ತಾಯಿಯವರು ಅದನ್ನು ಆಲಮಟ್ಟಿ ಎಂದು ಕೇಳಿಸಿಕೊಂಡು, “ಅಣೆಕಟ್ಟು ನೋಡುವುದಕ್ಕೆ ಎಂಟು ದಿನ ಯಾಕಪ್ಪ? ಅದಕ್ಕೊಂದು ಉಣ್ಣೆಯ ಕೋಟು ಬೇರೆ!” ಎಂದರು. ಕೃಷ್ಣೆಯ ದಡದ ಆಲಮಟ್ಟಿಯಲ್ಲ, ಕಜಕಸ್ತಾನದ ಅಲ್ಮಾಟಿ ಎಂದು ಭೂಪಟ ಬಿಚ್ಚಿ ತೋರಿಸಬೇಕಾಯಿತು. ಆಗ ನನಗೂ ಒಂದು ಸೋಜಿಗ ಕಂಡಿತು. ಬೆಂಗಳೂರಿನಿಂದ ನೇರ ಉತ್ತರಕ್ಕೆ ಗೆರೆಯೆಳೆದರೆ ಅದು ದಿಲ್ಲಿಯ ಬಳಿ ಹಾದು, ಹಿಮಾಲಯವನ್ನು ದಾಟಿ, ಹೆಚ್ಚುಕಡಿಮೆ ಅಲ್ಮಾಟಿಯ ಹೊರವಲಯಕ್ಕೇ ಹೋಗಿ ಮುಟ್ಟುತ್ತದೆ. ದಿಲ್ಲಿಯಿಂದ ವಿಮಾನದಲ್ಲಿ ನಾಲ್ಕು ಗಂಟೆಗಳ ಹಾದಿ. ಇಷ್ಟು ಹತ್ತಿರದ ನೆರೆಯವರನ್ನು ಕುರಿತು ನಾವು ತಿಳಿದಿರುವುದು ಎಷ್ಟು ಕಡಿಮೆ!

ದಸರಾ ರಜೆಯಲ್ಲಿ ಕೈಗೊಂಡ ಈ ಪ್ರವಾಸ ಪೂರ್ವಸಿದ್ಧವಾದುದು. ಹದಿನಾಲ್ಕು ಜನರ ತಂಡ, ಮೂರು ನಗರಗಳು, ಜೊತೆಯಲ್ಲಿ ಒಬ್ಬಳು ಮಾರ್ಗದರ್ಶಿನಿ. ಏಳುವ ಹೊತ್ತು, ಉಣ್ಣುವ ಹೊತ್ತು, ಬೆರಗಾಗುವ ಹೊತ್ತು ಎಲ್ಲವೂ ಮೊದಲೇ ಅಚ್ಚಾಗಿದ್ದವು. ‘ಕಜಕ್ ಸಂಸ್ಕೃತಿಯ ನೇರ ಅನುಭವ’ ಎಂದು ಜಾಹೀರಾತಿನಲ್ಲಿ ದಪ್ಪಕ್ಷರಗಳಿದ್ದವು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ‘ಸಂಸ್ಕೃತಿ’ ಎಂಬ ಮಾತು ಕಂಡೊಡನೆ ಸ್ವಲ್ಪ ಅನುಮಾನ ಬರುವುದು ಸಹಜ. ಟಿಕೆಟ್ಟಿನೊಡನೆ ದೊರೆಯುವ ಸಂಸ್ಕೃತಿ ಎಂಥದಿದ್ದೀತು ಎಂಬ ಕುತೂಹಲದಿಂದಲೇ ಹೊರಟೆನೆಂದರೂ ಸರಿಯೆ.

ಅಲ್ಮಾಟಿ ಸುಂದರವಾದ ಊರು. ದಕ್ಷಿಣದ ಕಡೆಗೆ ಎತ್ತ ತಿರುಗಿದರೂ ಬೀದಿಯ ತುದಿಯಲ್ಲಿ ಹಿಮ ಹೊತ್ತ ಅಲಾತಾವ್ ಬೆಟ್ಟಗಳು. ‘ಅಲ್ಮಾ’ ಎಂದರೆ ಅವರ ಭಾಷೆಯಲ್ಲಿ ಸೇಬು. ಲೋಕದಲ್ಲೆಲ್ಲ ಬೆಳೆಯುವ ಸೇಬಿನ ಮೂಲವು ಈ ಬೆಟ್ಟಗಳ ಕಾಡುಸೇಬು. 1929ರಲ್ಲಿ ಇಲ್ಲಿಗೆ ಬಂದಿದ್ದ ರಷ್ಯದ ಸಸ್ಯಶಾಸ್ತ್ರಜ್ಞ ವಾವಿಲೋವ್ ಮೊದಲು ಊಹಿಸಿದ ಈ ಸಂಗತಿಯನ್ನು ಈಚಿನ ವಂಶವಾಹಿ ಪರೀಕ್ಷೆಗಳೂ ಎತ್ತಿಹಿಡಿದಿವೆ. ಊರ ನಡುವಿನ ಉದ್ಯಾನದಲ್ಲಿ ಜೆಂಕೋವ್ ಎಂಬ ಶಿಲ್ಪಿ ಕಟ್ಟಿ 1907ರಲ್ಲಿ ಮುಗಿಸಿದ ಮರದ ಇಗರ್ಜಿಯೊಂದಿದೆ. 1911ರ ಭೂಕಂಪದಲ್ಲಿ ಊರೆಲ್ಲ ನೆಲಕಚ್ಚಿದರೂ ಅದು ನಿಂತಿತಂತೆ.

ಹಸಿರು ಬಜಾರೆಂಬ ಮಾರುಕಟ್ಟೆಯಲ್ಲಿ ನಮ್ಮ ತಂಡದ ಸಸ್ಯಾಹಾರಿಗಳಿಗೆ ಪ್ರಾಣಸಂಕಟವಾಯಿತು. ಒಂದು ಸಾಲು ಪೂರ್ತಿ ಕುದುರೆಯ ಮಾಂಸ. ಅದರಾಚೆ ಹೆಣ್ಣುಕುದುರೆಯ ಹಾಲನ್ನು ಹುಳಿಹಿಡಿಸಿದ ಕುಮಿಸ್ಸು, ಒಂಟೆಯ ಹಾಲಿನ ಶುಬತ್ತು. ನಮ್ಮ ಕೈಹಿಡಿದದ್ದು ಕೊರಿಯನ್ ಹೆಂಗಸೊಬ್ಬಳ ಅಂಗಡಿಯ ಕ್ಯಾರೆಟ್ ಕೋಸಂಬರಿ. ಮಧ್ಯ ಏಷ್ಯಕ್ಕೆ ಕೊರಿಯದವರು ಎಲ್ಲಿಂದ ಬಂದರು ಎಂದು ಕೇಳಿದೆ. “ಬರಲಿಲ್ಲ, ತರಲಾಯಿತು” ಎಂದಳು ಮಾರ್ಗದರ್ಶಿನಿ. 1937ರಲ್ಲಿ ಸ್ಟಾಲಿನನ ಸರಕಾರ ಪೂರ್ವದ ಗಡಿಯಲ್ಲಿದ್ದ 1,70,000ಕ್ಕೂ ಹೆಚ್ಚು ಕೊರಿಯನ್ನರನ್ನು ರೈಲುಗಳಲ್ಲಿ ತುಂಬಿ ಈ ಸೀಮೆಗೆ ಸಾಗಿಸಿತ್ತು. ತಮ್ಮೂರಿನ ಎಲೆಕೋಸು ಇಲ್ಲಿ ಸಿಕ್ಕದೆ ಅವರು ಕ್ಯಾರೆಟ್ಟಿಗೇ ಮಸಾಲೆ ಹಾಕಿದರೆಂದು ಹೇಳುತ್ತಾರೆ.

ಅದೇ ಮಾರುಕಟ್ಟೆಯಲ್ಲಿ ಸುಣ್ಣದ ಕಲ್ಲಿನಂಥ ಸಣ್ಣ ಬಿಳಿಯ ಉಂಡೆಗಳನ್ನು ರಾಶಿ ಹಾಕಿದ್ದರು. ಹೆಸರು ಕುರ್ತ್. ಹುಳಿಮೊಸರನ್ನು ಸೋಸಿ, ಉಪ್ಪು ಬೆರೆಸಿ, ಉಂಡೆ ಕಟ್ಟಿ ಬಿಸಿಲಿಗೆ ಒಣಗಿಸಿದ್ದು. ಕುದುರೆಯ ಮೇಲೆ ತಿಂಗಳುಗಟ್ಟಲೆ ತಿರುಗುವವನಿಗೆ ಕೆಡದ ಬುತ್ತಿ. ನಮ್ಮ ತಂಡದಲ್ಲಿದ್ದ ನಿವೃತ್ತ ಇಂಜಿನಿಯರ್ ರಾಯರು ಒಂದನ್ನು ಬಾಯಿಗೆ ಹಾಕಿಕೊಂಡವರು ಮುಖ ಸಿಂಡರಿಸಿ ಕೈವಸ್ತ್ರಕ್ಕೆ ಉಗಿದು, “ಇದು ತಿನ್ನುವ ಪದಾರ್ಥವೋ, ಗೋಡೆಗೆ ಬಡಿಯುವ ಪದಾರ್ಥವೋ?” ಎಂದರು. ಎಲ್ಲರೂ ನಕ್ಕೆವು. ಮಾರ್ಗದರ್ಶಿನಿಯೂ ನಕ್ಕಳು, ಆದರೆ ಅಷ್ಟಾಗಿ ಅಲ್ಲ.

ಮರುದಿನ ಪಟ್ಟಣದ ಹೊರಗಿನ ‘ಜನಪದ ಗ್ರಾಮ’. ಪ್ರವಾಸಿಗಳಿಗೆಂದೇ ಕಟ್ಟಿದ ಊರು. ಹದ್ದನ್ನು ಕೈಮೇಲೆ ಕೂರಿಸಿಕೊಂಡ ಬೇಟೆಗಾರ ಬಂದ, ಸವಾರರು ಬಂದರು, ಒಂದು ಹುಸಿಮದುವೆಯೂ ನಡೆಯಿತು. ನನಗೆ ಹಿಡಿಸಿದ್ದು ಅವರ ಬಿಡಾರದ ಮನೆ. ಕತ್ತರಿಯಂತೆ ಹರಡುವ, ಮಡಿಸುವ ಮರದ ಜಾಲರಿಯೇ ಗೋಡೆ. ಮೇಲೆ ಬಾಗಿದ ಗಳುಗಳು. ಅವೆಲ್ಲ ಹೋಗಿ ಸೇರುವ ನೆತ್ತಿಯ ಚಕ್ರಕ್ಕೆ ಶಂಗಿರಾಕ್ ಎಂದು ಹೆಸರು. ಸುತ್ತಲೂ ಉಣ್ಣೆಯ ಹೊದಿಕೆ. ನಮ್ಮ ಕುರುಬರ ಕಂಬಳಿ ನೇಯ್ದದ್ದು. ಇದು ನೇಯ್ದದ್ದಲ್ಲ, ಉಣ್ಣೆಯನ್ನು ಬಿಸಿನೀರಿನಲ್ಲಿ ನೆನೆಸಿ ಸುತ್ತಿ ಒತ್ತಿ ಹಾಸಾಗಿಸಿದ್ದು. ಇಡಿಯ ಮನೆಯನ್ನು ಬಿಚ್ಚಿ ಒಂಟೆಗಳ ಮೇಲೆ ಹೇರಿಕೊಂಡು ಹೊರಟುಬಿಡಬಹುದು. ಆ ಚಕ್ರ ಮಾತ್ರ ತಂದೆಯಿಂದ ಮಗನಿಗೆ ಬರುವ ಸೊತ್ತು. ಹೊಗೆ ಕುಡಿದು ಕರ್ರಗಾದಷ್ಟೂ ಅದಕ್ಕೆ ಬೆಲೆ. ದೇಶದ ಲಾಂಛನದ ನಟ್ಟನಡುವೆ ಇರುವುದೂ ಅದೇ.

“ನಿಮ್ಮ ಅಜ್ಜಿ ಇಂಥ ಮನೆಯಲ್ಲಿದ್ದವರೆ?” ಎಂದು ನಮ್ಮವರೊಬ್ಬರು ಕೇಳಿದರು. ಆಕೆ ಸಂಕೋಚವಿಲ್ಲದೆ, “ಇಲ್ಲ. ನಮ್ಮಜ್ಜಿ ಹುಟ್ಟಿದ್ದು ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ. ಈ ಮನೆಯನ್ನು ನಾನು ಮೊದಲು ನೋಡಿದ್ದು ವಸ್ತುಸಂಗ್ರಹಾಲಯದಲ್ಲಿ, ನಿಮ್ಮ ಹಾಗೆಯೇ” ಎಂದಳು. ಅಂದಿನಿಂದ ಆಕೆಯ ಮಾತನ್ನು ನಾನು ಹೆಚ್ಚು ಗಮನವಿಟ್ಟು ಕೇಳತೊಡಗಿದೆ.

ಆಕೆಯಿಂದಲೇ ನನಗೆ ‘ಐತಿಸ್’ ಪರಿಚಯವಾದದ್ದು. ಇಬ್ಬರು ಕವಿಗಳು ಎರಡು ತಂತಿಯ ದೊಂಬ್ರಾ ಹಿಡಿದು ಎದುರುಬದುರು ಕೂತು, ನಿಂತ ಹೆಜ್ಜೆಯಲ್ಲಿ ಪದ ಕಟ್ಟಿ ಹಾಡಿ ಒಬ್ಬರನ್ನೊಬ್ಬರು ಛೇಡಿಸುತ್ತಾರೆ. ಉತ್ತರ ಹೊಳೆಯದೆ ನಿಂತವನು ಸೋತ. ತನ್ನ ಮೊಬೈಲಿನಲ್ಲಿ ಅಂಥದೊಂದನ್ನು ಹಾಕಿ ತೋರಿಸಿದಳು. ಕವಿ ಒಂದು ಸಾಲು ಮುಗಿಸುವಷ್ಟರಲ್ಲಿ ಸಭೆ ಘೊಳ್ಳೆಂದು ನಗುತ್ತಿತ್ತು. ಭಾಷೆ ತಿಳಿಯದಿದ್ದರೂ ಆ ನಗೆ ನನಗೆ ಗುರುತಿತ್ತು. ಬಿಜಾಪುರದ ಕಡೆಯ ಜಾತ್ರೆಯಲ್ಲಿ ಹರದೇಶಿ–ನಾಗೇಶಿಯವರ ಸವಾಲು ಜವಾಬು ಕೇಳಿದವರಿಗೆಲ್ಲ ಗುರುತಿರುವ ನಗೆ ಅದು.

ಅಲ್ಮಾಟಿಯಿಂದ ತುರ್ಕಿಸ್ತಾನ ನಗರಕ್ಕೆ ರಾತ್ರಿಯ ರೈಲು. ಪ್ರವಾಸದ ಕಾರ್ಯಕ್ರಮಪಟ್ಟಿಯಲ್ಲಿ ಈ ರಾತ್ರಿಗೆ ‘ಪ್ರಯಾಣ’ ಎಂಬ ಒಂದೇ ಮಾತಿತ್ತು. ನನ್ನ ಪಾಲಿಗೆ ಪ್ರವಾಸವೆಂದರೆ ಆ ರಾತ್ರಿಯೇ.

ನಾಲ್ವರ ಕೋಣೆಯಲ್ಲಿ ನಾನು, ಮಾರ್ಗದರ್ಶಿನಿ, ಒಬ್ಬ ಕಜಕ್ ಅಜ್ಜಿ ಹಾಗೂ ಹತ್ತು ವರ್ಷದ ಅವರ ಮೊಮ್ಮಗ. ನಾನು ಹಿಂದೂಸ್ತಾನದವನೆಂದು ತಿಳಿದೊಡನೆ ಅಜ್ಜಿ “ರಾಜ್ ಕಪೂರ್!” ಎಂದು ಉದ್ಗರಿಸಿ ಗಂಟು ಬಿಚ್ಚಿದರು. ಎಣ್ಣೆಯಲ್ಲಿ ಕರಿದ ಬವುರ್ಸಾಕ್ ಎಂಬ ಉಬ್ಬಿದ ತುಂಡುರೊಟ್ಟಿ, ಒಣದ್ರಾಕ್ಷಿ, ಚಹಾ. ಚಹಾಕ್ಕೆ ನಮ್ಮಂತೆಯೇ ಹಾಲು ಬೆರೆಸುತ್ತಾರೆ. ಆದರೆ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಅರ್ಧದಷ್ಟೇ ಹುಯ್ದು ಕೊಟ್ಟರು. ಇದೇನು ಜಿಪುಣತನವೆಂದು ಮನಸ್ಸಿನಲ್ಲಿ ಅಂದುಕೊಂಡದ್ದು ನನ್ನ ಮುಖದಲ್ಲಿ ಕಂಡಿತೋ ಏನೋ, ಮಾರ್ಗದರ್ಶಿನಿ ಮೆಲ್ಲಗೆ ಹೇಳಿದಳು: “ಬಟ್ಟಲು ತುಂಬಿಸಿಕೊಟ್ಟರೆ, ಕುಡಿದು ಹೊರಡಿ ಎಂದು ಅರ್ಥ. ಅರ್ಧ ಕೊಟ್ಟರೆ ಮತ್ತೆ ಮತ್ತೆ ತುಂಬುವ ಆಸೆಯಿದೆ ಎಂದು.” ಆ ರಾತ್ರಿ ಅಜ್ಜಿ ನನ್ನ ಬಟ್ಟಲನ್ನು ಒಂಬತ್ತು ಸಲವಾದರೂ ತುಂಬಿರಬೇಕು.

ಮಾತಿನ ನಡುವೆ ಅಜ್ಜಿ ಮೊಮ್ಮಗನಿಗೆ ಏನೋ ಅಪ್ಪಣೆಮಾಡಿದರು. ಹುಡುಗ ಎದ್ದು ನಿಂತು, ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿಗೆ ಏಳು ಹೆಸರು ಹೇಳಿದ. ಅದು ‘ಜೆತಿ ಅತಾ’, ಅಂದರೆ ಏಳು ತಂದೆಯರು. ತನ್ನ ಹಿಂದಿನ ಏಳು ತಲೆಮಾರಿನ ಪಿತೃಗಳ ಹೆಸರು ಬಾರದವನು ಕಜಕನೇ ಅಲ್ಲವೆಂಬ ಭಾವನೆ. ಏಳು ತಲೆಮಾರಿನೊಳಗೆ ವಿವಾಹಸಂಬಂಧವೂ ಸಲ್ಲದು. ಬರವಣಿಗೆಗಿಂತ ನಾಲಗೆಯನ್ನು ನಂಬಿದ ಅಲೆಮಾರಿಗಳಿಗೆ ಇದೇ ಆಸ್ತಿಪತ್ರ, ಇದೇ ಇತಿಹಾಸ.

ಅಜ್ಜಿ ಮಾರ್ಗದರ್ಶಿನಿಯ ಕಡೆಗೆ ತಿರುಗಿದರು. ಆಕೆ ಬೆರಳು ಮಡಿಸುತ್ತ ಮೂರು ಹೆಸರು ಹೇಳಿ ನಿಂತುಬಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ ಅಜ್ಜಿಗೆ ಏನೋ ಹೇಳಿದಳು. ಅಜ್ಜಿ ಮಾತಾಡಲಿಲ್ಲ, ಅವಳ ಬಟ್ಟಲಿಗೆ ಚಹಾ ಹುಯ್ದರು.

ಅವರಿಬ್ಬರೂ ಮಲಗಿದ ಮೇಲೆ ಆಕೆ ನನಗೆ ವಿವರಿಸಿದಳು. ಮೂರನೆಯವನಾದ ಮುತ್ತಜ್ಜ ಅನಾಥಾಲಯದಲ್ಲಿ ಬೆಳೆದವನು. ಅಲ್ಲಿಗೆ ಬಂದಾಗ ಆರು ವರ್ಷ. ತನ್ನ ಹೆಸರು, ತಂದೆಯನ್ನು ಮನೆಯಲ್ಲಿ ಕರೆಯುತ್ತಿದ್ದ ಬಗೆ, ಇಷ್ಟೇ ಅವನಿಗೆ ಗೊತ್ತಿದ್ದುದು. ಅದು 1930ರಿಂದ 1933ರವರೆಗಿನ ಕ್ಷಾಮದ ಕಾಲ. ಅಲೆಮಾರಿಗಳನ್ನು ಬಲವಂತದಿಂದ ಒಂದೆಡೆ ನೆಲೆಗೊಳಿಸಿ, ದನ, ಕುರಿ, ಕುದುರೆಗಳನ್ನು ಸರಕಾರ ವಶಪಡಿಸಿಕೊಂಡಿತು. ಹತ್ತರಲ್ಲಿ ಒಂಬತ್ತು ಪಾಲು ಪಶುಗಳು ನಾಶವಾದವು. ಹಾಲು ಮಾಂಸಗಳನ್ನೇ ನಂಬಿದ್ದ ಜನರಿಗೆ ಉಳಿದದ್ದೇನು? ಸುಮಾರು 15 ಲಕ್ಷ ಜನ ಸತ್ತರು. ಅವರಲ್ಲಿ 13 ಲಕ್ಷದಷ್ಟು ಕಜಕರೇ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಎಂದರೆ ಆ ಜನಾಂಗದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಲಕ್ಷಾಂತರ ಮಂದಿ ಗಡಿ ದಾಟಿ ಓಡಿದರು. ತಮ್ಮ ನೆಲದಲ್ಲೇ ಕಜಕರು ಅಲ್ಪಸಂಖ್ಯಾತರಾದರು; 1959ರ ಜನಗಣತಿಯಲ್ಲಿ ಅವರು ನೂರಕ್ಕೆ ಮೂವತ್ತು ಮಾತ್ರ. ಸೋವಿಯೆತ್ ಆಳ್ವಿಕೆಯ ಬಹುಕಾಲ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಈಗ ಪ್ರತಿ ವರ್ಷ ಮೇ 31ರಂದು ಸತ್ತವರನ್ನು ಸ್ಮರಿಸುತ್ತಾರೆ.

“ಮುತ್ತಜ್ಜನ ಒಂದು ಟಿಪ್ಪಣಿಪುಸ್ತಕ ನಮ್ಮ ಮನೆಯಲ್ಲಿದೆ. ನಮ್ಮ ತಂದೆಗೆ ಅದನ್ನು ಓದಲು ಕಷ್ಟವಾಗುತ್ತದೆ” ಎಂದಳು ಆಕೆ. ಕಾರಣ ಲಿಪಿ. ಕಜಕ್ ಭಾಷೆಯನ್ನು ಮೊದಲು ಅರಬ್ಬಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. 1929ರಲ್ಲಿ ಲ್ಯಾಟಿನ್ ಬಂದಿತು, 1940ರಲ್ಲಿ ಅದನ್ನೂ ಬಿಡಿಸಿ ರಷ್ಯನ್ನರ ಸಿರಿಲಿಕ್ ತಂದರು. 2017ರಲ್ಲಿ ಮತ್ತೆ ಲ್ಯಾಟಿನ್ನಿಗೆ ಹೋಗಬೇಕೆಂದು ಆಜ್ಞೆಯಾಯಿತಾದರೂ ನಾವು ಕಂಡ ಫಲಕಗಳಲ್ಲಿ ಸಿರಿಲಿಕ್ಕೇ ಹೆಚ್ಚು. ಸ್ವತಃ ಆಕೆ ಓದಿದ್ದು ರಷ್ಯನ್ ಶಾಲೆಯಲ್ಲಿ. ತಾಯ್ನುಡಿಯಲ್ಲಿ ತಪ್ಪಿಲ್ಲದೆ ಬರೆಯಲು ಕಲಿತದ್ದು ಇಪ್ಪತ್ತರ ನಂತರ, ಹಣ ಕೊಟ್ಟು. ನನ್ನ ತರಗತಿಯಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗುರುತುಮಾಡಿಕೊಳ್ಳುವ ಹುಡುಗರು ನೆನಪಾದರು. ಅವರನ್ನು ಯಾರೂ ಬಲಾತ್ಕರಿಸಿಲ್ಲ.

“ನಿಮ್ಮಲ್ಲಿ ಎಷ್ಟು ತಲೆಮಾರು?” ಎಂದು ಆಕೆ ಕೇಳಿದಳು. ಶ್ರಾದ್ಧದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹ ಎಂದು ಮೂವರ ಹೆಸರು ಹೇಳಿ ಎಳ್ಳುನೀರು ಬಿಡುತ್ತೇವೆ ಎಂದೆ. ನಾಲ್ಕನೆಯ ಹೆಸರು ನನಗೂ ಬಾರದು. ನಮ್ಮ ಮನೆಯವರನ್ನು ಯಾವ ಕ್ಷಾಮವೂ ಚದುರಿಸಿದ್ದಿಲ್ಲ. ನಾನು ಕೇಳಿರಲಿಲ್ಲ, ಅಷ್ಟೆ. ಇದನ್ನು ಮಾತ್ರ ಆಕೆಗೆ ಹೇಳಲು ನಾಚಿಕೆಯಾಯಿತು.

ಬೆಳಗಾಗುವ ಹೊತ್ತಿಗೆ ಕಿಟಕಿಯ ಹೊರಗೆ ಹುಲ್ಲುಗಾವಲು, ಮರವೊಂದಿಲ್ಲದ ಬಯಲು. ನಮ್ಮ ಕರ್ನಾಟಕದ ಹದಿನಾಲ್ಕರಷ್ಟು ವಿಸ್ತಾರದ ಈ ದೇಶದಲ್ಲಿರುವವರು ಎರಡು ಕೋಟಿ ಜನ. ಆ ಬಯಲು ಏಕೆ ಅಷ್ಟು ಬರಿದಾಗಿದೆಯೆಂದು ಹಿಂದಿನ ದಿನ ಕೇಳಿದ್ದರೆ ಹವಾಗುಣವೆನ್ನುತ್ತಿದ್ದೆ.

ತುರ್ಕಿಸ್ತಾನದಲ್ಲಿರುವುದು ಖೋಜಾ ಅಹಮದ್ ಯಸವಿಯ ಸಮಾಧಿಮಂದಿರ. ಯಸವಿ ಹನ್ನೆರಡನೆಯ ಶತಮಾನದ ಸೂಫಿ. ಅರಬ್ಬಿ, ಪಾರಸಿಗಳೇ ಪಂಡಿತರ ಭಾಷೆಯಾಗಿದ್ದ ಕಾಲದಲ್ಲಿ ಜನರ ತುರ್ಕಿ ನುಡಿಯಲ್ಲಿ ಹಾಡಿದವನೆಂದು ಖ್ಯಾತಿ. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಕನ್ನಡದಲ್ಲಿ ಮಾತಾಡುತ್ತಿದ್ದರು. ಪ್ರವಾದಿಗಳು ಕಾಲವಾದ 63ನೆಯ ವಯಸ್ಸನ್ನು ತಾನು ಮುಟ್ಟಿದಾಗ, ಇನ್ನು ಸೂರ್ಯನನ್ನು ನೋಡುವ ಅಧಿಕಾರ ತನಗಿಲ್ಲವೆಂದು ಯಸವಿ ನೆಲಮಾಳಿಗೆಯನ್ನು ಹೊಕ್ಕನಂತೆ. ಮಂದಿರವನ್ನು ಕಟ್ಟಿಸಿದವನು ದಿಲ್ಲಿಯನ್ನು ಸೂರೆಗೊಂಡ ಅದೇ ತೈಮೂರ. 1405ರಲ್ಲಿ ಅವನು ಸತ್ತೊಡನೆ ಕೆಲಸ ನಿಂತಿತು. ಹಿಂಬದಿಯ ಗುಮ್ಮಟಗಳು ನೀಲಿ ಹೆಂಚಿನಿಂದ ಹೊಳೆಯುತ್ತಿದ್ದರೆ ಮುಂಬಾಗಿಲು ಬರಿಯ ಇಟ್ಟಿಗೆ. ಕೆಲಸಗಾರರು ನಿಲ್ಲಲೆಂದು ಚುಚ್ಚಿದ ಮರದ ತೊಲೆಗಳು ಆರುನೂರು ವರ್ಷದಿಂದ ಹಾಗೆಯೇ ಚಾಚಿಕೊಂಡಿವೆ. ಒಳಗೆ ಎರಡು ಟನ್ ತೂಕದ ಕಂಚಿನ ಕೊಪ್ಪರಿಗೆ. 1399ರಲ್ಲಿ ಎರಕ ಹೊಯ್ದದ್ದು. 1935ರಲ್ಲಿ ಪ್ರದರ್ಶನಕ್ಕೆಂದು ಲೆನಿನ್‌ಗ್ರಾಡಿಗೆ ಒಯ್ದರು; 1989ರವರೆಗೆ ಹಿಂದಕ್ಕೆ ಕೊಡಲಿಲ್ಲ. ಅದರ ಮುಂದೆ ಕೈಯೊಡ್ಡಿ ನಿಂತ ಹೆಂಗಸರ ಮುಖ ನೋಡಿದೆ. ವಸ್ತುಸಂಗ್ರಹಾಲಯಕ್ಕೆ ಬಂದವರ ಮುಖವಲ್ಲ ಅದು.

ರಾಜಧಾನಿ ಅಸ್ತಾನಾ ಕುರಿತು ಹೆಚ್ಚು ಬರೆಯಲಾರೆ. 1997ರಲ್ಲಿ ಅಲ್ಮಾಟಿಯಿಂದ ರಾಜಧಾನಿ ಇಲ್ಲಿಗೆ ಬಂದಿತು. ಅದರ ನೆನಪಿಗೆ ಬೈತೆರೆಕ್ ಗೋಪುರದ ವೀಕ್ಷಣಾಂಗಣ 97 ಮೀಟರ್ ಎತ್ತರದಲ್ಲಿದೆ. ಎಲ್ಲೆಡೆ ಗಾಜು, ಗಾಳಿ, ಅಗಲವಾದ ರಸ್ತೆಗಳು. ಫೋಟೋ ಹಿಡಿಯುವವರಿಗೆ ಸ್ವರ್ಗ.

ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಅಕ್ಮೋಲ್ ಎಂಬ ಹಳ್ಳಿ. 1938ರಿಂದ 1953ರವರೆಗೆ ಇಲ್ಲಿ ಹೆಂಗಸರ ಸೆರೆಶಿಬಿರವಿದ್ದಿತು. ಅವರು ಮಾಡಿದ ಅಪರಾಧ, ‘ದೇಶದ್ರೋಹಿ’ಗಳೆನಿಸಿದವರ ಹೆಂಡಂದಿರಾದದ್ದು. ಗಾಯಕಿಯರು, ವೈದ್ಯೆಯರು, ಅಧ್ಯಾಪಕಿಯರು. ಕರಿಯ ಕಲ್ಲಿನ ಗೋಡೆಯ ಮೇಲೆ ಅವರ ಹೆಸರುಗಳನ್ನು ಕೆತ್ತಿದ್ದಾರೆ. ಸೆರೆಯವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯಿಂದ ಜೊಂಡು ಕೊಯ್ದು ತಂದು ಒಲೆಯುರಿಸಬೇಕು. ಅಲ್ಲಿ ಹೇಳುವ ಕತೆಯೊಂದಿದೆ. ಒಂದು ಬೆಳಗ್ಗೆ ಹತ್ತಿರದ ಹಳ್ಳಿಯ ಮುದುಕರೂ ಮಕ್ಕಳೂ ಬಂದು ಈ ಹೆಂಗಸರ ಮೇಲೆ ಕಲ್ಲು ತೂರಿದರು. ಕಾವಲುಗಾರರು ನಕ್ಕು, “ನೋಡಿ, ಈ ಹಳ್ಳಿಯವರಿಗೂ ನೀವು ಬೇಡವಾದಿರಿ” ಎಂದರು. ಓಡುವ ಗಡಿಬಿಡಿಯಲ್ಲಿ ಒಬ್ಬಾಕೆ ಎಡವಿ ಬಿದ್ದಳು. ಮುಖ ಆ ಕಲ್ಲುಗಳ ಮೇಲೆಯೇ. ಮೂಗಿಗೆ ಹಾಲಿನ ವಾಸನೆ ಬಡಿಯಿತು.

ಕುರ್ತ್! ಕ್ಷಾಮದಿಂದ ಬದುಕುಳಿದು ಕೆಲವೇ ವರ್ಷಗಳಾಗಿದ್ದ ಜನ ತಮ್ಮ ಬುತ್ತಿಯನ್ನು ಹೀಗೆ ತೂರಿದ್ದರು.

ಯಾರೂ ಫೋಟೋ ತೆಗೆಯಲಿಲ್ಲ. ಬಸ್ಸು ಹೊರಟು ಸ್ವಲ್ಪ ದೂರ ಬಂದ ಮೇಲೆ ಇಂಜಿನಿಯರ್ ರಾಯರು ಮಾರ್ಗದರ್ಶಿನಿಯ ಬಳಿಗೆ ಹೋಗಿ, “ಎಲ್ಲಾದರೂ ಅಂಗಡಿಯ ಮುಂದೆ ನಿಲ್ಲಿಸುವುದಕ್ಕಾಗುತ್ತದೆಯೆ, ತಾಯಿ?” ಎಂದು ಕನ್ನಡದಲ್ಲಿಯೇ ಕೇಳಿಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಒಂದು ಪೊಟ್ಟಣ ಕೊಂಡು ಎಲ್ಲರಿಗೂ ಹಂಚಿದರು. ವಿಪರೀತ ಉಪ್ಪು, ಕರಗಲು ಬಹಳ ಹೊತ್ತು ಹಿಡಿಯುತ್ತದೆ.

ನಾಲ್ಕು ಉಂಡೆಗಳನ್ನು ಊರಿಗೆ ತಂದೆ. ತಾಯಿಯವರು ಒಂದನ್ನು ಮೂಸಿ ನೋಡಿ, “ಮಜ್ಜಿಗೆ ಮೆಣಸಿನಕಾಯಿಯ ವಾಸನೆ” ಎಂದು ಡಬ್ಬಿಯಲ್ಲಿಟ್ಟರು. ನಮ್ಮ ಮುತ್ತಜ್ಜನ ತಂದೆಯ ಹೆಸರೇನೆಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ನಿನ್ನ ದೊಡ್ಡಪ್ಪನಿಗೆ ಗೊತ್ತಿತ್ತು” ಎಂದರು. ದೊಡ್ಡಪ್ಪ ತೀರಿಕೊಂಡು ಮೂರು ವರ್ಷವಾಯಿತು.