ಹೆಗಲ ಮೇಲಿನ ಕೈ

ಹೊಸ ಕಥಾಸಂಕಲನದ ಅರ್ಪಣೆಯ ಪುಟಕ್ಕೆ ತೀರಿಹೋದ ಅಬ್ಬಾರ ಫೋಟೋ ಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ. ಅದರಲ್ಲಿ ಪಕ್ಕದಲ್ಲೇ ಅವರ ತಮ್ಮ, ನನ್ನ ಚಾಚಾ. ಸುಳ್ಯದ ಅಡಿಕೆ ತೋಟ ಪಾಲಾದ ಮೇಲೆ ಕಡಬದಲ್ಲಿರುವ ಅವರಿಗೂ ನಮಗೂ ಮಾತಿಲ್ಲ.

ಪುತ್ತೂರಿನ ಡಿಟಿಪಿ ಅಂಗಡಿಯ ಹುಡುಗ ಫೋಟೋಶಾಪ್‌ನ ಗ್ರೇಡಿಯಂಟ್ ಹೇಳಿಕೊಟ್ಟ. ಚಿತ್ರಕ್ಕೊಂದು ಲೇಯರ್ ಮಾಸ್ಕ್ ಹಾಕಿ, ಅದರ ಮೇಲೆ ಕಪ್ಪಿನಿಂದ ಬಿಳಿಗೆ ಗೆರೆ ಎಳೆಯಬೇಕು. ಕಪ್ಪಿದ್ದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿಯಿದ್ದಲ್ಲಿ ಉಳಿಯುತ್ತದೆ, ನಡುವಿನ ಬೂದು ಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ. ಗೆರೆ ಗಿಡ್ಡವಾದರೆ ಕತ್ತರಿಸಿದಂತೆ. ಉದ್ದವಾದರೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರಿದಂತೆ.

ಮೌಸ್ ಎಳೆದೆ. ಚಾಚಾ ಮಂಜಿನಂತೆ ಕರಗಿದರು. ಆದರೆ ಅಬ್ಬಾರ ಹೆಗಲ ಮೇಲೆ ಅವರ ಕೈ ಉಳಿಯಿತು. ಗೆರೆಯನ್ನು ಇನ್ನಷ್ಟು ಸರಿಸಿದರೆ ಕೈಯ ಜೊತೆ ಹೆಗಲೂ ಹೋಗುತ್ತಿತ್ತು.

"ಬೇಡವಾದರೆ ಮಾಸ್ಕ್ ತೆಗೆಯುವ ಸರ್, ಏನೂ ಅಳಿಸಿ ಹೋಗಿಲ್ಲ" ಎಂದ ಹುಡುಗ. 1990ರಲ್ಲಿ ಹೊರಬಂದ ಈ ಫೋಟೋಶಾಪನ್ನು ಕಟ್ಟಿದವರು ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಎಂದೂ ಅವನೇ ಹೇಳಿದ.

ಚಿತ್ರವನ್ನು ಇದ್ದ ಹಾಗೆಯೇ ಪುಸ್ತಕಕ್ಕೆ ಕೊಟ್ಟೆ. ಒಂದು ಪ್ರಿಂಟ್ ತೆಗೆಸಿ ಚೀಲದಲ್ಲಿಟ್ಟುಕೊಂಡೆ. ಕಡಬದ ಬಸ್ಸಿಗೆ ಇನ್ನೂ ಹೊತ್ತಿತ್ತು.